ಗುಮಾಸ್ತೆಯ ಟಿಪ್ಪಣಿ: ಪದ್ಮಿನಿಯ ಕಡತ

ಸರಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಕುರ್ಚಿ ಸವೆಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಸಂಗತಿ ಎದುರಾದರೂ ಅದಕ್ಕೊಂದು ಕಡತ ತೆರೆದು, ಎಡಗಡೆಗೆ ಟಿಪ್ಪಣಿ, ಬಲಗಡೆಗೆ ಕಾಗದಪತ್ರ ಎಂದು ವಿಂಗಡಿಸದ ಹೊರತು ಅವನ ತಲೆ ಓಡುವುದಿಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ನಾನು ಕಡತ ತೆರೆದೆ. ಮಾಳಿಗೆಯ ನೀರಿನ ಟಾಕಿ ಸೋರಿದಾಗಲೂ ತೆರೆದೆ. ಹೀಗಿರುವಾಗ ನಮ್ಮ ತಂದೆಯವರ ಹಳೆಯ ಕಾರಿಗೂ ಒಂದು ಕಡತ ತೆರೆದೆನೆಂದರೆ ವಾಚಕರು ನಗಬಾರದು. ನಕ್ಕರೂ ಅಡ್ಡಿಯಿಲ್ಲ, ನನ್ನ ಶ್ರೀಮತಿ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ಕಾರೆಂದರೆ ಈಗಿನ ಕಾರಲ್ಲ. 1979ರ ಪ್ರೀಮಿಯರ್ ಪದ್ಮಿನಿ; ಜನರ ಬಾಯಲ್ಲಿ ಫಿಯಾಟು. ಒಂದು ಕಾಲಕ್ಕೆ ಕೆನೆಹಾಲಿನ ಬಣ್ಣವಿತ್ತು. ತಂದೆಯವರು ಠಾಣೆಯ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದಾಗ, 1987ರಲ್ಲಿ, ಅದನ್ನು ಎರಡನೆಯ ಕೈಯಲ್ಲಿ ಕೊಂಡರು. ಮರುವರ್ಷ ನಾನು ಹುಟ್ಟಿದೆ. ಆಸ್ಪತ್ರೆಯಿಂದ ನಾನು ಮನೆಗೆ ಬಂದದ್ದು ಅದರ ಮುಂದಿನ ಸೀಟಿನಲ್ಲಿ, ನಮ್ಮವ್ವನ ತೊಡೆಯ ಮೇಲೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಧಾರವಾಡಕ್ಕೆ ನಮ್ಮ ಪ್ರಯಾಣ ಅದರಲ್ಲಿಯೇ. ಖಂಬಾಟಕಿ ಘಾಟಿನಲ್ಲಿ ಅದು ಕುದಿಯುವುದು, ನಾವು ಇಳಿದು ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚುವುದು, ಅದು ಆರಿದ ಮೇಲೆ ಮತ್ತೆ ಹತ್ತುವುದು, ಇದು ನಮ್ಮ ಮನೆಯ ಒಂದು ಸಂಪ್ರದಾಯವೇ ಆಗಿತ್ತು.

2012ರಲ್ಲಿ ತಂದೆಯವರ ಕಣ್ಣಿಗೆ ಪೊರೆ ಬಂತು, ಗಾಡಿ ನಿಂತಿತು. ಕಣ್ಣಿನ ಪೊರೆ ತೆಗೆಸಿದೆವು, ಗಾಡಿಯ ಮೇಲಿನ ತಾಡಪಾಲು ತೆಗೆಯಲಿಲ್ಲ. ಅಂದಿನಿಂದ ಅದು ಮುಲುಂದದ ನಮ್ಮ ಕಟ್ಟಡದ ಹಿಂಬದಿಯಲ್ಲಿ, ನುಗ್ಗೆಯ ಗಿಡದ ಕೆಳಗೆ, ಬೆಕ್ಕುಗಳಿಗೆ ಹೆರಿಗೆಯ ಮನೆಯಾಗಿ ಉಳಿದಿದೆ.

ಈಗ ಕಟ್ಟಡಕ್ಕೇ ಕಾಲ ಬಂದಿದೆ. ಮುಂಬಯಿಯ ಹಳೆಯ ಕಟ್ಟಡಗಳಿಗೆಲ್ಲ ಬರುವಂತೆ ನಮ್ಮದಕ್ಕೂ ಪುನರ್ನಿರ್ಮಾಣದ ಯೋಗ ಒದಗಿದೆ. ಎಂಟು ತಿಂಗಳೊಳಗೆ ಎಲ್ಲರೂ ಖಾಲಿ ಮಾಡಬೇಕು. ಬಾಡಿಗೆಯ ಮನೆಗೆ ಹೋಗಬೇಕು. ಆ ಮನೆಗೆ ಕಾರು ನಿಲ್ಲಿಸುವ ಜಾಗವಿರುವುದಿಲ್ಲ. ಸೊಸಾಯಿಟಿಯ ಕಾರ್ಯದರ್ಶಿಗಳು ಒಳ್ಳೆಯವರು. ಒಂದು ಭಾನುವಾರ ಭಂಗಾರದ ವ್ಯಾಪಾರಿಯೊಬ್ಬನನ್ನು ತಾವೇ ಕರೆತಂದರು. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಚಕ್ರಕ್ಕೆ ಕಾಲಿನಿಂದ ಒಂದು ತಟ್ಟಿ, ಇಪ್ಪತ್ತೆರಡು ಸಾವಿರ ಎಂದನು. ತಂದೆಯವರು ಗ್ಯಾಲರಿಯಲ್ಲಿ ಕುಳಿತು ನೋಡುತ್ತಿದ್ದರು. ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ಎದ್ದು ಒಳಗೆ ಹೋದರು. ಆ ಮೌನವನ್ನು ಎಡಗಡೆಯ ಮೊದಲ ಟಿಪ್ಪಣಿಯೆಂದು ತಿಳಿದು ನಾನು ಕಡತ ತೆರೆದೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಕನ್ನಡಿಗರಾದ ನಮಗೆ ಅದು ತಿಳಿದಿರತಕ್ಕದ್ದು. ಭಾರತದಲ್ಲಿ ಮೋಟಾರು ಕಾರ್ಖಾನೆ ಬೇಕೆಂದು ಮೊದಲು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1935ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಈ ಉದ್ಯಮವನ್ನು ಅಭ್ಯಾಸ ಮಾಡುವುದಕ್ಕಾಗಿಯೇ ಯುರೋಪು ಅಮೆರಿಕಗಳಿಗೆ ಹೋಗಿ ಬಂದು ಮುಂಬಯಿಗೊಂದು ಯೋಜನೆ ಸಿದ್ಧಪಡಿಸಿದರು. ಅಂದಿನ ಪರಕೀಯ ಸರಕಾರ ಕೈಗೂಡಿಸಲಿಲ್ಲ. ಅದೇ ಕನಸು ಕಂಡಿದ್ದ ಇನ್ನೊಬ್ಬರು ವಾಲಚಂದ ಹೀರಾಚಂದರು. 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದವರೂ ಅವರೇ. 1944ರಲ್ಲಿ ಅವರು ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಆ ಕಾರ್ಖಾನೆಯಿಂದ ಮೊದಲು ಅಮೆರಿಕದ ಡಾಜ್, ಪ್ಲಿಮತ್ ಗಾಡಿಗಳು ಹೊರಬಿದ್ದವು. ಆಮೇಲೆ ಇಟಲಿಯ ಫಿಯಾಟ್ ಕಂಪನಿಯ ನೆರವಿನಿಂದ ಫಿಯಾಟ್ 1100 ಬಂತು. 1964ರ ಡಿಲೈಟ್ ಮಾದರಿಯೇ ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿಕೊಂಡು ಪದ್ಮಿನಿಯಾಯಿತು. ಕೊಳ್ಳಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. 2000ದ ಸುಮಾರಿಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಲ್ಲಿ ಇಪ್ಪತ್ತು ವರ್ಷದ ಆಯುಷ್ಯವಾದ್ದರಿಂದ 2023ರ ಅಕ್ಟೋಬರ್ 30ರಿಂದ ಆ ಜಾತಿಯ ಟ್ಯಾಕ್ಸಿ ಮುಂಬಯಿಯ ಬೀದಿಗಳಿಂದ ಮರೆಯಾಯಿತು. ಅಂದು ಪತ್ರಿಕೆಗಳಲ್ಲಿ ಬಂದ ಚಿತ್ರವನ್ನು ತಂದೆಯವರು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅದೂ ಈಗ ಕಡತದ ಬಲಗಡೆ ಸೇರಿದೆ.

ಯೋಜನೆಯ ಮೊದಲ ಹೆಜ್ಜೆ ತಪಾಸಣೆ. ಪರಿಚಯದ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆತಂದೆ. ಜೀವಮಾನವೆಲ್ಲ ಫಿಯಾಟಿನ ಕೆಳಗೆ ಮಲಗಿ ಕಳೆದ ಮನುಷ್ಯ. ಅವನು ಎಂಜಿನಿನ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ತೆಗೆದು ಬಾಗಿಲ ಕೆಳಗಿನ ಅಂಚಿನಲ್ಲಿ ಕುಳಿತನು. ಅಯಸ್ಕಾಂತ ತಗಡಿಗೆ ಹಿಡಿಯುತ್ತದೆ, ಪುಟ್ಟಿಗೆ ಹಿಡಿಯುವುದಿಲ್ಲ. ಎಲ್ಲಿ ಜಾರಿ ಬೀಳುತ್ತದೆಯೋ ಅಲ್ಲಿ ಹಿಂದೆ ಯಾರೋ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆಂದು ಅರ್ಥ. ಸ್ಕ್ರೂಡ್ರೈವರಿನಿಂದ ಒತ್ತಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಹಪ್ಪಳದಂತೆ ಮುರಿಯುತ್ತದೆ. ನಮ್ಮ ಪದ್ಮಿನಿಯ ಎಡಬದಿ ಬಹಳ ಕಡೆ ಠಣ್ ಎಂದಿತು, ಬಲಬದಿ ಹಪ್ಪಳ.

ಎಂಜಿನ್ ಬಿಟ್ಟು ತಗಡನ್ನು ಮೊದಲು ನೋಡುವುದೇಕೆ? ಜೀಪಿಗೆ, ಲಾರಿಗೆ ಕೆಳಗೆ ಪ್ರತ್ಯೇಕ ಚಾಸಿಯಿರುತ್ತದೆ; ಮೇಲಿನ ಮೈ ಕೊಳೆತರೂ ಕೆಳಗಿನ ಎಲುಬು ತಡೆಯುತ್ತದೆ. ಫಿಯಾಟಿಗೆ ಹಾಗಲ್ಲ. ಅದರ ತಗಡಿನ ಮೈಯೇ ಎಲುಬು. ನೆಲದ ತಗಡು, ಬಾಗಿಲ ಕೆಳಗಿನ ತೊಲೆ ಇವು ತಿಂದುಹೋದರೆ ಬಣ್ಣ ಎಷ್ಟು ಹೊಳೆದರೂ ಗಾಡಿ ನಡುಮುರಿದ ಮುದುಕನೇ. ಎಂಜಿನಿಗೆ ಮದ್ದುಂಟು, ಬ್ರೇಕಿಗೆ ಮದ್ದುಂಟು. ಮೈ ಪೂರ್ತಿ ಹೋಗಿದ್ದರೆ ಆಸೆ ಬಿಡುವುದೇ ಲೇಸು. ಆದ್ದರಿಂದ ಹಳೆಯ ಕಾರನ್ನು ಎಬ್ಬಿಸಲು ಹೊರಟವರು ಮೊದಲು ಕೆಳಗೆ ಬಗ್ಗಬೇಕು, ಆಮೇಲೆ ಬಾನೆಟ್ ಎತ್ತಬೇಕು. ಮೇಸ್ತ್ರಿ ಎದ್ದು ಕೈ ಒರೆಸಿಕೊಂಡು, ಜೀವವಿದೆ, ಆದರೆ ಬಲಗಾಲಿಗೆ ಶಸ್ತ್ರಚಿಕಿತ್ಸೆ ಆಗಬೇಕು ಎಂದು ತೀರ್ಪು ಕೊಟ್ಟನು.

ಇಷ್ಟಾದ ಮೇಲೆ ನಾನು ಮಾಡಿದ್ದು ಒಂದು ತಪ್ಪು. ಹಳೆಯ ಕಾರುಗಳನ್ನು ಹೊಸದಾಗಿಸುವ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಚಹದ ಬದಲು ಕಾಫಿ. ಪೂರ್ತಿ ಬಿಚ್ಚಿ, ಮೊಳೆಮೊಳೆಯನ್ನೂ ಹೊಸದಾಗಿಸಿ, ಕಾರ್ಖಾನೆಯಿಂದ ನಿನ್ನೆ ಬಂದಂತೆ ಮಾಡಿಕೊಡುವುದಕ್ಕೆ ಐದೂವರೆ ಲಕ್ಷ ಎಂದರು. ನಾನು ಮನೆಗೆ ಬಂದು, ಕಚೇರಿಯ ನೌಕರರ ಸಹಕಾರಿ ಪತ್ತಿನ ಸಂಘದಿಂದ ಮೂರೂವರೆ ಲಕ್ಷ ಸಾಲ, ಉಳಿದದ್ದು ಉಳಿತಾಯ ಎಂದು ಅಂದವಾದ ಅಕ್ಷರಗಳಲ್ಲಿ ಅಂದಾಜುಪಟ್ಟಿ ಬರೆದು ಕಡತದಲ್ಲಿಟ್ಟೆ. ಮಗ ತಂದೆಗೆ ಕೊಡುವ ಕಾಣಿಕೆ ಎಂದಮೇಲೆ ಲೆಕ್ಕ ನೋಡಬಾರದೆಂಬ ಔದಾರ್ಯ ಆ ಸಂಜೆ ನನ್ನಲ್ಲಿ ಉಕ್ಕಿ ಹರಿಯುತ್ತಿತ್ತು.

ಮರುದಿನ ತಂದೆಯವರಿಗೆ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ, ಉಗ್ರಾಣದ ಬಿಲ್ಲು ಓದುವವರಂತೆ ಬೆರಳಿಟ್ಟು ಓದಿದರು. ಸಾಲದ ಸಾಲಿನ ಮೇಲೆ ಬೆರಳು ನಿಂತಿತು. ಮಾತಾಡದೆ ಎದ್ದು, ಕಪಾಟಿನಿಂದ ಒಂದು ಉದ್ದನೆಯ ವಹಿ ತಂದು ನನ್ನ ಮುಂದೆ ಇಟ್ಟರು.

ಅದು ಗಾಡಿಯ ವಹಿ. 1987ರಿಂದ 2012ರವರೆಗೆ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲು, ಬದಲಿಸಿದ ಪ್ರತಿ ಬಲ್ಬು, ಓಡಿದ ಕಿಲೋಮೀಟರು ಎಲ್ಲ ಅದರಲ್ಲಿದೆ. ಉಗ್ರಾಣದ ಮನುಷ್ಯ ಬರೆಯದೆ ಹೇಗಿದ್ದಾನು? ಯೋಜನೆ ಮಾಡುವವನಿಗೆ ಇದಕ್ಕಿಂತ ದೊಡ್ಡ ನಿಧಿಯಿಲ್ಲ. ಉದಾಹರಣೆಗೆ, ಎಂಜಿನಿಗೆ ಎರಡು ಸಲ ಬೋರಿಂಗ್ ಆಗಿದೆಯೆಂದು ನನಗೆ ತಿಳಿದದ್ದು ಆ ವಹಿಯಿಂದ. ಈ ಎಂಜಿನ್ 1089 ಸಿ.ಸಿ.ಯದು, ನಾಲ್ಕು ಸಿಲಿಂಡರು, ಒಂದೊಂದರ ಅಗಲ 68 ಮಿಲಿಮೀಟರು, ಪಿಸ್ಟನ್ನು ಮೇಲೆಕೆಳಗೆ ಓಡುವ ದೂರ 75 ಮಿಲಿಮೀಟರು. ಸಿಲಿಂಡರಿನ ಗೋಡೆ ಸವೆದಾಗ ಅದನ್ನು ಲೇತಿನವರು ತುಸು ಕೊರೆದು ದುಂಡಗೆ ಮಾಡಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ನಮ್ಮದಕ್ಕೆ ಮೊದಲ ಸಲ ಅಂಗುಲದ ಸಾವಿರದಲ್ಲಿ 20 ಪಾಲು, 1996ರಲ್ಲಿ 40 ಪಾಲು ಕೊರೆಸಿದ್ದಾರೆ. ಗೋಡೆಯಲ್ಲಿ ಇನ್ನೂ ಕೊರೆಯಲು ದಪ್ಪ ಉಳಿದಿರುವುದು ಅನುಮಾನ. ಮತ್ತೆ ಸವೆದಿದ್ದರೆ ಒಳಗೆ ತೋಳಿನಂತೆ ಸ್ಲೀವು ಕೂಡಿಸಬೇಕು. ಇದು ಮೊದಲೇ ತಿಳಿದಿದ್ದರೆ ಖರ್ಚು ಮುಂಗಡವಾಗಿ ಪಟ್ಟಿಯಲ್ಲಿ ಬರುತ್ತದೆ. ತಿಳಿಯದಿದ್ದರೆ ಬಿಚ್ಚಿದ ಮೇಲೆ ಎದೆಗೆ ಬಂದು ಗುದ್ದುತ್ತದೆ.

ತಂದೆಯವರು ತೋರಿಸಬೇಕೆಂದಿದ್ದ ಪುಟ ಅದಲ್ಲ. 1991ರ ಮಾರ್ಚಿನ ಪುಟ ತೆರೆದು ಬೆರಳಿಟ್ಟರು. ಅವರ ಮುತ್ತಿನಂಥ ಅಕ್ಷರದಲ್ಲಿ ಎರಡು ಸಾಲು: ಗೇರ್ ಬಾಕ್ಸ್ ರಿಪೇರಿ. ಇವಳ ಪಾಟ್ಲಿ ಎರಡು, ಅಡವು.

ನಾನು ಪುಟ ತಿರುವಿದೆ. 1992, 1993, 1995. ಬಲ್ಬಿನ ಲೆಕ್ಕವಿದೆ, ಫ್ಯಾನ್ ಬೆಲ್ಟಿನ ಲೆಕ್ಕವಿದೆ. ಪಾಟ್ಲಿ ಬಿಡಿಸಿದ ಲೆಕ್ಕ ಎಲ್ಲಿಯೂ ಇಲ್ಲ. ನಮ್ಮವ್ವನ ಕೈಯಲ್ಲಿ ನಾನು ಯಾವಾಗಲೂ ನೋಡಿದ್ದು ಹಸಿರು ಗಾಜಿನ ಬಳೆಗಳನ್ನೇ. ಅವಳಿಗೆ ಗಾಜಿನ ಬಳೆಯೇ ಇಷ್ಟವೆಂದು ಅವಳು 2016ರಲ್ಲಿ ಹೋಗುವ ತನಕ ನಾನು ತಿಳಿದಿದ್ದೆ.

"ಒಮ್ಮೆ ಮಾಡೀನಿ ತಮ್ಮಾ, ಈ ಗಾಡಿ ಸಲುವಾಗಿ ಸಾಲಾ," ಎಂದರು ತಂದೆಯವರು. "ಎರಡನೇ ಸಲ ಈ ಮನ್ಯಾಗ ಆಗಬಾರದು. ನಿನ್ನ ಸಂಬಳದಾಗ ಉಳದದ್ರಾಗ ಆದರ ಮಾಡು. ಆಗದಿದ್ದರ ಆ ಭಂಗಾರದವನ್ನ ಕರಿ. ನನಗೇನೂ ಬ್ಯಾಸರಿಲ್ಲ."

ಬೇಸರವಿಲ್ಲವೆಂದವರ ಬೆರಳು ಇನ್ನೂ ಆ ಪುಟದ ಮೇಲೆಯೇ ಇತ್ತು.

ಅಂದಾಜುಪಟ್ಟಿಯನ್ನು ಹರಿದು ಹಾಕಿದೆ. ಹೊಸದನ್ನು ಬರೆಯುವ ಮುಂಚೆ, ಡೊಂಬಿವಲಿಯಲ್ಲಿರುವ ನಮ್ಮ ಪರಿಚಿತರೊಬ್ಬರ ಮನೆಗೆ ಹೋಗಿಬಂದೆ. ಅವರಲ್ಲಿಯೂ ಒಂದು ಫಿಯಾಟ್ ಇತ್ತು. 2014ರಲ್ಲಿ ಬಹಳ ಉತ್ಸಾಹದಿಂದ ಅದನ್ನು ಬಿಚ್ಚಿಸಿದರು. ಎಂಜಿನ್ ಒಂದು ಕಡೆ, ಬಾಗಿಲು ಒಂದು ಕಡೆ, ಸೀಟು ಮಾಳಿಗೆಯ ಮೇಲೆ. ನಡುವೆ ಮಗಳ ಮದುವೆ ಬಂತು, ರೊಕ್ಕ ಅತ್ತ ಹೋಯಿತು. ಬಿಚ್ಚಿದ ಮೇಸ್ತ್ರಿ ಊರಿಗೆ ಹೋದವನು ಮರಳಲಿಲ್ಲ. ಈಗ ಅವರ ಅಟ್ಟದಲ್ಲಿ ಹನ್ನೊಂದು ಗೋಣಿಚೀಲಗಳಿವೆ. ಯಾವ ಚೀಲದಲ್ಲಿ ಯಾವ ಅವಯವವಿದೆಯೋ ಬಲ್ಲವರಿಲ್ಲ. ಅದು ಕಾರೂ ಅಲ್ಲ, ಭಂಗಾರವೂ ಅಲ್ಲ. ತಂದೆಯವರಿಗೆ ಇದನ್ನು ಹೇಳಿದಾಗ ಅವರೆಂದರು: "ಬಿಚ್ಚೂದು ಎಲ್ಲಾರಿಗೂ ಬರತೈತಿ. ಕೂಡಸೂದಕ್ಕ ರೊಕ್ಕಾನೂ ಬೇಕು, ನೆನಪೂ ಬೇಕು."

ನನ್ನ ಹೊಸ ಯೋಜನೆಗೆ ಈ ಮಾತೇ ತಳಹದಿ. ಹಳೆಯ ಕಾರನ್ನು ಎಬ್ಬಿಸುವವರು ಒಟ್ಟು ಎಷ್ಟು ಖರ್ಚಾದೀತೆಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೆ: ನಡುವೆ ಕೈ ನಿಂತರೆ ಗಾಡಿ ಯಾವ ಸ್ಥಿತಿಯಲ್ಲಿ ನಿಂತಿರುತ್ತದೆ? ಎಲ್ಲಿ ನಿಂತರೂ ಅದು ಗಾಡಿಯಾಗಿಯೇ ನಿಂತಿರಬೇಕು. ನಮ್ಮಂಥ ತಿಂಗಳ ಸಂಬಳದವರು ಇಡೀ ಗಾಡಿಯನ್ನು ಒಮ್ಮೆಗೇ ಬಿಚ್ಚಕೂಡದು. ಒಂದು ಭಾಗ ಬಿಚ್ಚಿ, ಅದನ್ನು ಮುಗಿಸಿ ಕೂಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಚ್ಚತಕ್ಕದ್ದು. ಇದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ನಾಲ್ಕು ಹಂತ ಮಾಡಿದೆ.

ಮೊದಲನೆಯ ಹಂತ: ನಿದ್ದೆಯಿಂದ ಎಬ್ಬಿಸುವುದು. ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಮಲಗಿದ ಎಂಜಿನಿಗೆ ಹೊಸ ಬ್ಯಾಟರಿ ಹಚ್ಚಿ ಕೀಲಿ ತಿರುಗಿಸುವುದು ಮಹಾಪಾಪ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನಿನ ಬಳೆಗಳು ಅಂಟಿಕೊಂಡಿರುತ್ತವೆ. ಬಲವಂತ ಮಾಡಿದರೆ ಗೀರುತ್ತವೆ, ಇಲ್ಲವೆ ಮುರಿಯುತ್ತವೆ. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು, ಒಂದೆರಡು ದಿನ ತಾಳಿ, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಹಳೆಯ ಪೆಟ್ರೋಲು ಅಂಟಾಗಿರುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಸಬೇಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರಸುತ್ತಾರೆ. ಅದು ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಪೆಟ್ರೋಲಿನ ರಬ್ಬರ್ ನಳಿಗೆಗಳು, ಪಂಪಿನ ಒಳಗಿನ ಪೊರೆ ಇವನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಿಸಬೇಕು. ನಾಲ್ಕೂ ಚಕ್ರಗಳಿಗೆ ಡ್ರಮ್ಮಿನ ಬ್ರೇಕು. ಬ್ರೇಕಿನ ಎಣ್ಣೆಯೂ ವರ್ಷಗಳಲ್ಲಿ ನೀರು ಹೀರಿ ಚಕ್ರದ ಸಿಲಿಂಡರುಗಳನ್ನು ಹಿಡಿಸಿಬಿಟ್ಟಿರುತ್ತದೆ. ಅವನ್ನೆಲ್ಲ ಹೊಸದಾಗಿಸಬೇಕು. ಈ ಹಂತ ಮುಗಿದರೆ ಗಾಡಿ ಹಿತ್ತಲಲ್ಲಿ ತಾನಾಗಿ ಹತ್ತು ಗಜ ಮುಂದೆ ಹೋಗಿ, ತಾನಾಗಿ ನಿಲ್ಲುತ್ತದೆ. ಅಂದಾಜು ನಲವತ್ತೈದು ಸಾವಿರ. ಎಂಜಿನಿಗೆ ಸ್ಲೀವು ಬೇಕಾದರೆ ಅದು ಪ್ರತ್ಯೇಕ.

ಎರಡನೆಯ ಹಂತ: ಕೆಳಗಿನ ತಗಡು. ನಮ್ಮ ಕಡೆ ಟಿಂಕರಿಂಗ್ ಎನ್ನುವುದನ್ನು ಇಲ್ಲಿ ಡೆಂಟಿಂಗ್ ಎನ್ನುತ್ತಾರೆ. ಬಲಬದಿಯ ಕೊಳೆತ ತೊಲೆಯನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಆಸರೆ ಕೊಡಬೇಕು. ಮೈಯೇ ಎಲುಬಾದ ಗಾಡಿ ಆಸರೆಯಿಲ್ಲದೆ ಕತ್ತರಿಸಿದರೆ ಜಗ್ಗುತ್ತದೆ, ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಕೂಡುವುದಿಲ್ಲ. ಪುಟ್ಟಿಯಿಂದ ಮುಚ್ಚುವುದಿಲ್ಲವೆಂದು ಕೆಲಸಗಾರನಿಂದ ಮೊದಲೇ ಮಾತು ತೆಗೆದುಕೊಳ್ಳಬೇಕು. ಬಣ್ಣ ಹೊಡೆಯುವ ಮೊದಲು ಬರಿಯ ಬೆಸುಗೆಯನ್ನು ಕಣ್ಣಾರೆ ನೋಡಬೇಕು. ಅಂದಾಜು ಎಪ್ಪತ್ತು ಸಾವಿರ.

ಮೂರನೆಯ ಹಂತ: ಬೀದಿಗಿಳಿಯುವ ಅರ್ಹತೆ. ಇಲಿ ಕಡಿದ ವೈರಿಂಗ್, ದೀಪ, ಒರೆಸುವ ಕಡ್ಡಿ, ಐದು ಟೈರು. ಮೇಲ್ಮೈ ಚೆನ್ನಾಗಿ ಕಂಡರೂ ಹಳೆಯ ಟೈರು ನಂಬತಕ್ಕದ್ದಲ್ಲ. ಕೊಳ್ಳುವಾಗ ಬದಿಯಲ್ಲಿ ಒತ್ತಿದ ನಾಲ್ಕು ಅಂಕೆಗಳನ್ನು ಓದಬೇಕು. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನಂತರ ಕಾಗದಪತ್ರ. ನಮ್ಮ ನೋಂದಣಿಯ ಅವಧಿ 2014ರಲ್ಲಿಯೇ ಮುಗಿದಿದೆ. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು, ಪರಿಸರ ತೆರಿಗೆ ಕಟ್ಟಬೇಕು. ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣದ ಕೇಂದ್ರ ಶುಲ್ಕ 2025ರ ಆಗಸ್ಟಿನಲ್ಲಿ ಹತ್ತು ಸಾವಿರಕ್ಕೆ ಏರಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಚಾಸಿ ನಂಬರು ಮತ್ತು ಎಂಜಿನ್ ನಂಬರು ಪುಸ್ತಕದಲ್ಲಿದ್ದಂತೆಯೇ ಗಾಡಿಯಲ್ಲಿಯೂ ಇರಬೇಕು. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಎಂಜಿನ್ ಕೂಡಿಸುವ ಆಸೆಗೆ ಬೀಳಬಾರದು. ಕೂಡಿಸಿದರೆ ಅದನ್ನು ದಾಖಲು ಮಾಡಿಸಬೇಕು. ಈ ಹಂತಕ್ಕೆ ಐವತ್ತೈದು ಸಾವಿರ.

ನಾಲ್ಕನೆಯ ಹಂತ: ಅಲಂಕಾರ. ಬಣ್ಣ, ಬಂಪರಿಗೆ ಹೊಳಪು, ಸೀಟಿನ ಹೊದಿಕೆ. ಇದಕ್ಕೆ ಹಣ ತೋರಿಸಿಲ್ಲ. ಇದು ಎಂದು ಆದರೂ ಸರಿ, ಆಗದಿದ್ದರೂ ಸರಿ.

ಮೂರು ಹಂತದ ಮೊತ್ತ ಒಂದು ಲಕ್ಷ ಎಪ್ಪತ್ತು ಸಾವಿರ. ಹಳೆಯ ಗಾಡಿ ತನ್ನ ಗುಟ್ಟನ್ನೆಲ್ಲ ಒಮ್ಮೆಗೇ ಹೇಳುವುದಿಲ್ಲವಾದ್ದರಿಂದ ಅದಕ್ಕೆ ಕಾಲು ಪಾಲು ಕೂಡಿಸಿದೆ; ಎರಡು ಲಕ್ಷ ಹನ್ನೆರಡೂವರೆ ಸಾವಿರವಾಯಿತು. ತಿಂಗಳಿಗೆ ಐದು ಸಾವಿರ ಎತ್ತಿಟ್ಟರೆ ಮೂರೂವರೆ ವರ್ಷ. ತಡವಾಯಿತೆನ್ನುವಿರಾ? ನಮ್ಮ ಕಟ್ಟಡ ಮತ್ತೆ ಏಳುವುದಕ್ಕೂ ಅಷ್ಟೇ ವರ್ಷ ಬೇಕೆಂದು ಕಾರ್ಯದರ್ಶಿಗಳು ಹೇಳುತ್ತಾರೆ. ಕಟ್ಟಡವೂ ಕಾರೂ ಜೊತೆಯಲ್ಲಿಯೇ ಎದ್ದಾವು.

ಇನ್ನು ಎರಡು ಸಂಗತಿ, ನನ್ನಂತೆಯೇ ಹಿತ್ತಲಲ್ಲಿ ಹಳೆಯ ಗಾಡಿಯಿಟ್ಟುಕೊಂಡ ವಾಚಕರಿಗಾಗಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪುರಾತನ ವಾಹನಗಳಿಗೆಂದು ಪ್ರತ್ಯೇಕ ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 'ವಿಎ' ಅಕ್ಷರವಿರುವ ವಿಶೇಷ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಆದ್ದರಿಂದ ಮೆರವಣಿಗೆಗೋ ಪ್ರಯಾಣಕ್ಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಮ್ಮದಕ್ಕೆ ಐವತ್ತು ತುಂಬುವುದು 2029ಕ್ಕೆ. ಆದರೂ ನಾವು ಪ್ರಯಾಣವನ್ನೇ ಆರಿಸಿದ್ದೇವೆ. ಎರಡನೆಯದು, ಗಾಡಿಯನ್ನು ಬಿಟ್ಟುಕೊಡುವುದೇ ಆದರೆ ಬೀದಿಯ ಭಂಗಾರದವನಿಗೆ ಕೊಡಬೇಡಿ. ಅವನು ಗಾಡಿಯನ್ನು ಒಯ್ಯುತ್ತಾನೆ, ಪುಸ್ತಕದಲ್ಲಿ ಹೆಸರು ನಿಮ್ಮದೇ ಉಳಿಯುತ್ತದೆ. ಸರಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಪ್ರಮಾಣಪತ್ರ ಸಿಗುತ್ತದೆ, ನೋಂದಣಿಯನ್ನು ರದ್ದುಪಡಿಸಿಕೊಳ್ಳಬಹುದು. ಯಾವ ಗಾಡಿಯ ತಗಡು ಪೂರ್ತಿ ಹಪ್ಪಳವಾಗಿದೆಯೋ ಅದಕ್ಕೆ ಅದೇ ಸದ್ಗತಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಬಿಡಿಭಾಗಗಳ ಚಿಂತೆ ನಾನು ಅಂದುಕೊಂಡಷ್ಟಿಲ್ಲ. ಕುರ್ಲಾದ ಹಳೆಯ ಸಾಮಾನಿನ ಗಲ್ಲಿಗಳಲ್ಲಿ, ಚೋರ್ ಬಜಾರಿನಲ್ಲಿ ಫಿಯಾಟಿನ ಅವಯವಗಳು ಇನ್ನೂ ಸಿಗುತ್ತವೆ. ಕುರ್ಲಾದಲ್ಲಿ ಹುಟ್ಟಿದ ಗಾಡಿಗೆ ಮರುಜನ್ಮದ ಸಾಮಾನೂ ಕುರ್ಲಾದಲ್ಲಿಯೇ! ಬಿಚ್ಚಿದ ಭಾಗಗಳ ಜವಾಬ್ದಾರಿಯನ್ನು ತಂದೆಯವರೇ ವಹಿಸಿಕೊಂಡಿದ್ದಾರೆ. ಹಳೆಯ ಧೋತರ ಹರಿದು ಸಣ್ಣ ಸಣ್ಣ ಚೀಲ ಹೊಲಿಸಿ, ಪ್ರತಿಯೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ಚೀಟಿಗೆ ಕ್ರಮಾಂಕ ಬರೆದಾಗಿದೆ. ಬಿಚ್ಚುವ ಮೊದಲು ನನ್ನ ಮಗಳು ಪ್ರತಿ ಭಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯತಕ್ಕದ್ದೆಂದು ಆಜ್ಞೆಯಾಗಿದೆ. ನಿವೃತ್ತರಾದ ಹದಿನಾರು ವರ್ಷದ ಮೇಲೆ ಅವರ ಉಗ್ರಾಣ ಮತ್ತೆ ತೆರೆದಿದೆ.

ಕಡತವನ್ನು ಮಂಜೂರಿಗಾಗಿ ಶ್ರೀಮತಿಗೆ ಸಲ್ಲಿಸಿದೆ. ತಿಂಗಳಿಗೆ ಐದು ಸಾವಿರವೆಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ; ಅದರ ಭಾರ ಬೀಳುವುದು ಅವಳ ಕೈಯ ಲೆಕ್ಕದ ಮೇಲೆ. ಅವಳು ವಹಿಯ 1991ರ ಪುಟವನ್ನೂ ಓದಿದ್ದಳು. ಬಹಳ ಹೊತ್ತು ಸುಮ್ಮನಿದ್ದು, "ರೀ, ಒಂದು ಷರತ್ತು ಬರಕೋರಿ," ಎಂದಳು. "ಮಗಳ ಫೀ ಕಟ್ಟೂ ತಿಂಗಳು ಗಾಡಿಗೆ ರಜಾ." ಬರೆದುಕೊಂಡೆ. ಸಹಿ ಬಿತ್ತು.

ತಂದೆಯವರೂ ಒಂದು ತಿದ್ದುಪಡಿ ಮಾಡಿದರು. ನಾಲ್ಕನೆಯ ಹಂತದಲ್ಲಿ ಸೀಟಿನ ಹೊದಿಕೆ ಎಂದಿತ್ತಲ್ಲ, ಅದರ ಮುಂದೆ ಪೆನ್ನಿನಿಂದ ಹಿಂದಿನ ಸೀಟು ಮಾತ್ರ ಎಂದು ಸೇರಿಸಿ, ಕೆಳಗೆ ತಮ್ಮ ಚಿಕ್ಕ ಸಹಿ ಹಾಕಿದ್ದಾರೆ. ಕಾರಣ ನಾನು ಕೇಳಲಿಲ್ಲ. ಕಚೇರಿಯಲ್ಲಿ ಹನ್ನೆರಡು ವರ್ಷ ಕಳೆದವನಿಗೆ ಯಾವ ಟಿಪ್ಪಣಿಯ ಮೇಲೆ ಪ್ರಶ್ನೆ ಎತ್ತಬಾರದೆಂಬ ತಿಳಿವಳಿಕೆಯಾದರೂ ಇರಬೇಕಷ್ಟೆ.

ಬರುವ ತಿಂಗಳು ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೇರಿಸಿ ಕಲ್ಯಾಣದಲ್ಲಿರುವ ನಮ್ಮ ಸೋದರತ್ತೆಯ ಮನೆಯ ಹಿತ್ತಲಿಗೆ ಸಾಗಿಸುವುದೆಂದು ಗೊತ್ತಾಗಿದೆ. ಬೆಕ್ಕುಗಳಿಗೆ ಬೇರೆ ಏರ್ಪಾಡು ನೋಡುವ ಹೊಣೆ ಮಗಳದು. ಮುಂದಿನ ಸಂಚಿಕೆಯ ಹೊತ್ತಿಗೆ ಮೊದಲನೆಯ ಹಂತ ಎಲ್ಲಿಗೆ ಬಂತೆಂದು ವರದಿ ಒಪ್ಪಿಸುವೆನು.

ಕೊನೆಗೊಂದು ಬಿನ್ನಹ. ಪದ್ಮಿನಿಯ ಮುಂದಿನ ಎಡಬಾಗಿಲಿನ ಗಾಜು ಏರಿಸಿ ಇಳಿಸುವ ಹಿಡಿಕೆ ನಮ್ಮಲ್ಲಿ ಮುರಿದಿದೆ. ಕುರ್ಲಾದಲ್ಲಿ ಮೂರು ಭಾನುವಾರ ಅಲೆದರೂ ಸರಿಯಾದದ್ದು ಸಿಗಲಿಲ್ಲ. ವಾಚಕರಲ್ಲಿ ಯಾರ ಅಟ್ಟದಲ್ಲಿಯಾದರೂ, ಯಾವ ಗೋಣಿಚೀಲದಲ್ಲಿಯಾದರೂ ಅದು ಇದ್ದರೆ ಸಂಪಾದಕರ ಮೂಲಕ ಒಂದು ಕಾರ್ಡು ಬರೆಯಿರಿ. ಬೆಲೆ ಕೊಡುವೆನು, ರಸೀದಿಯನ್ನೂ ಕೊಡುವೆನು. ತಂದೆಯವರು ಅದಕ್ಕಾಗಿ ಚೀಲ ಹೊಲಿಸಿ ಕ್ರಮಾಂಕ ಬರೆದು ಇಟ್ಟಿದ್ದಾರೆ.